ಹೊಸ ಕತ್ತಿ, ಹಳೆ ಕಲ್ಲು

“ಏ ತಾಯಿ, ತಡಿ ತಡಿ!” ಸಾಯಣ್ಣ ಕುರ್ಚಿಯ ಎರಡೂ ಕೈ ಬಿಗಿಯಾಗಿ ಹಿಡಿದು ತಲೆಯನ್ನು ಹಿಂದಕ್ಕೆಳೆದುಕೊಂಡ. “ಕತ್ತಿ ಹಿಡದೀಯೋ ಕುಡಗೋಲು ಹಿಡದೀಯೋ? ನನ್ನ ಮುಖದಾಗ ಜ್ವಾಳ ಕೊಯ್ಯಾಕ ನಿಂತೀಯೇನು?”

ಬಸವೇಶ್ವರಿಯ ಕೈ ಗಾಳಿಯಲ್ಲೇ ನಿಂತಿತು. ಕಿವಿಯ ಮುಂದಿನಿಂದ ಇಳಿದ ಕತ್ತಿ ಎರಡು ಬೆರಳಿನಷ್ಟು ದಾರಿ ಸಲೀಸಾಗಿ ಬಂದಿತ್ತು. ಆಮೇಲೆ ಕೆನ್ನೆಯ ನಡುವೆ ಕೂದಲನ್ನು ಕತ್ತರಿಸದೆ ಕಚ್ಚಿ ಎಳೆದಿತ್ತು. ಬಿಳಿ ನೊರೆಯಲ್ಲಿ ಒಂದು ಕೆಂಪು ಚುಕ್ಕೆ ಮೂಡಿ, ಅವಳು ನೋಡುತ್ತಿದ್ದಂತೆಯೇ ಅಗಲವಾಯಿತು.

ಬೆಂಚಿನ ಮೇಲೆ ಕೂತಿದ್ದ ಇಬ್ಬರು ನಕ್ಕರು. ಒಬ್ಬ, “ಸಾಯಣ್ಣಾ, ಕೊರಳಿಗೆ ಬರೂದ್ರಾಗ ಎದ್ದುಬಿಡಪ್ಪ, ಮನ್ಯಾಗ ಕಾಯ್ತಿರ್ತಾರ” ಎಂದ.

“ಏಳದ ಮತ್ತೇನು? ಮೂವತ್ತೆರಡು ವರ್ಷ ಬಸ್ಸಿನಾಗ ಕಂಡಕ್ಟರ್ಕಿ ಮಾಡೀನಿ. ಮಂದಿ ಅಂಗಿ ಹಿಡದಾರ, ಅಪ್ಪ ಅವ್ವನ್ನ ಎತ್ತಿ ಬೈದಾರ. ಒಬ್ಬರೂ ನನ್ನ ಗಲ್ಲ ಹರದಿರಲಿಲ್ಲ ನೋಡು.” ಸಾಯಣ್ಣ ಕೊರಳಿನ ಬಟ್ಟೆಯನ್ನು ತಾನೇ ಬಿಚ್ಚಿ, ಅದರಿಂದಲೇ ಮುಖದ ನೊರೆ ಒರೆಸಿಕೊಂಡ. ನಾಲ್ಕು ದಿನದ ಬಿಳಿ ಗಡ್ಡದಲ್ಲಿ ಎಡಗಡೆಗೆ ಒಂದು ಬೆರಳಗಲದ ಹಾದಿ ಬಿದ್ದಿತ್ತು. ಕನ್ನಡಿಯಲ್ಲಿ ಅದನ್ನು ನೋಡಿದ, ಹುಡುಗಿಯ ಮುಖ ನೋಡಿದ. ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣದ ಕಡೆ ಹೊರಟುಹೋದ. ನಕ್ಕಿದ್ದ ಇಬ್ಬರೂ, “ಸಂಜೀಕ ಬರ್ತೀವಿ” ಎಂದು ಅವನ ಹಿಂದೆಯೇ ಎದ್ದರು.

ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಬಸವೇಶ್ವರಿಯ ಅಪ್ಪ ಶರಣಯ್ಯ, “ಮುಚ್ಚು ಅದನ್ನ” ಎಂದ.

ಬಸವೇಶ್ವರಿ ಕತ್ತಿಯನ್ನು ಒರೆಸಿ ಹಿಡಿಯೊಳಗೆ ಮಡಚಿದಳು.

ಶರಣಯ್ಯನ ಬಲಗೈ ನಡುಗಲು ಶುರುವಾಗಿ ಒಂದು ವರ್ಷ ದಾಟಿತ್ತು. ಮೊದಮೊದಲು ಛಾ ಕಪ್ಪು ಹಿಡಿದಾಗ ಮಾತ್ರ ನಡುಗುತ್ತಿದ್ದ ಬೆರಳು, ಆಮೇಲೆ ಸುಮ್ಮನೆ ಕೂತಾಗಲೂ ನಡುಗತೊಡಗಿದವು. ದಸರೆ ಮುಗಿದ ವಾರ, ಅವನ ಅಪ್ಪನ ಕಾಲದ ಕತ್ತಿ ಕೈಯಿಂದ ಜಾರಿ ನೆಲದ ಪರಸಿ ಕಲ್ಲಿಗೆ ಬಿದ್ದು ನಡುವೆ ಚಕ್ಕೆ ಎದ್ದುಹೋಯಿತು. ಅಂದಿನಿಂದ ಅವನು ಗಿರಾಕಿಗಳ ಮುಖ ಮುಟ್ಟಿರಲಿಲ್ಲ. ತನ್ನ ಮುಖವನ್ನೂ ಮುಟ್ಟಿರಲಿಲ್ಲ. ಐವತ್ತು ವರ್ಷ ಪ್ರತಿ ಬೆಳಿಗ್ಗೆ ತನ್ನ ಗಡ್ಡ ತಾನೇ ತೆಗೆದುಕೊಂಡವನು ಈಗ ನಲವತ್ತು ದಿನದ ಗಡ್ಡ ಬಿಟ್ಟು ಕೂತಿದ್ದ. “ಎದುರಿನ ಅಂಗಡ್ಯಾಗ ಕೂತು ಬರ್ರಿ, ಸನ್ಯಾಸಿ ಹಂಗ ಕಾಣಾಕ ಹತ್ತೀರಿ” ಎಂದು ಹೆಂಡತಿ ಚನ್ನವೀರಮ್ಮ ಅಂದರೆ, “ಕ್ಷೌರ ಮಾಡೋ ಹಡಪದ ಹೋಗಿ ಇನ್ನೊಬ್ಬನ ಕುರ್ಚ್ಯಾಗ ಕೊರಳು ಚಾಚಾಕ ಆಗತೈತೇನು?” ಎನ್ನುತ್ತಿದ್ದ.

ಮಕ್ತಲ್ ಬಸ್ ನಿಲ್ದಾಣದ ಎದುರಿಗೆ ಈಗ ಬೇರೆ ಮೂರು ಕ್ಷೌರದ ಅಂಗಡಿಗಳಿದ್ದವು. ಮೂರರಲ್ಲೂ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ. ಸಾಯಣ್ಣನಂಥ ಕೆಲವರಿಗೆ ಬ್ಲೇಡು ತಾಗಿದರೆ ಮಾರನೆಯ ದಿನ ಕೊರಳ ತುಂಬ ಗುಳ್ಳೆ ಏಳುತ್ತಿದ್ದವು. ಅಂಥವರು ಹನ್ನೆರಡು ಹದಿಮೂರು ಮಂದಿ ಶರಣಯ್ಯನ ಹಳೆಯ ಕತ್ತಿಯನ್ನೇ ನಂಬಿಕೊಂಡಿದ್ದರು. ಅದು ಕೆಟ್ಟ ಮೇಲೆ ಗುಳ್ಳೆ ತಾಳಿಕೊಂಡೇ ಬ್ಲೇಡಿಗೆ ಮುಖ ಕೊಡುತ್ತಿದ್ದರು. ಬಸವೇಶ್ವರಿ ಫೋನಿನಲ್ಲಿ ಹುಡುಕಿ, ಯಾರಿಗೂ ಹೇಳದೆ, ಪಾರ್ಸೆಲ್‌ನಲ್ಲಿ ಹೊಸ ಕತ್ತಿ ತರಿಸಿದ್ದು ಅವರಿಗೋಸ್ಕರ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ಎಂಟು ವರ್ಷ ಆ ಅಂಗಡಿಯಲ್ಲಿ ಕೂದಲು ಗುಡಿಸಿದ್ದಳು, ನೀರು ಕಾಯಿಸಿದ್ದಳು, ನೊರೆ ಹಚ್ಚಿದ್ದಳು. ಈ ವರ್ಷ ಮಕ್ಕಳ ಕಟಿಂಗೂ ಅವಳದೇ. ಗಿರಾಕಿಗಳ ಜೊತೆ ಮಾತಾಡುತ್ತಿದ್ದದ್ದು ಕಡಿಮೆ. ನೋಡುತ್ತಿದ್ದದ್ದು ಮಾತ್ರ ಎಲ್ಲ. ಅಪ್ಪನ ಎಡಗೈ ಹೆಬ್ಬೆರಳು ಚರ್ಮವನ್ನು ಎಲ್ಲಿ ಒತ್ತಿ ಎಳೆಯುತ್ತದೆ, ಗದ್ದದ ತಿರುವಿನಲ್ಲಿ ಕತ್ತಿ ಎಷ್ಟು ಮಲಗುತ್ತದೆ, ಕೊರಳ ಗಂಟಿನ ಹತ್ತಿರ ಯಾವಾಗ ಕೈ ಹಗುರಾಗುತ್ತದೆ. ಗಾಳಿ ಊದಿದ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದಂತೆ ಕೆರೆಯುವುದನ್ನೂ ಕಲಿತಿದ್ದಳು.

ದೊಡ್ಡವರ ಪೈಕಿ ಅವಳ ಕತ್ತಿಗೆ ಮುಖ ಕೊಟ್ಟವನು ಸಾಯಣ್ಣ ಮೊದಲಿಗ. ಅವನು ಖುಷಿಯಿಂದ ಎದ್ದಿದ್ದರೆ ಉಳಿದವರೂ ಕೂರುತ್ತಿದ್ದರು. ಅವನು ಎದ್ದ ರೀತಿ ಈಗ ಊರಿಗೆಲ್ಲ ಗೊತ್ತಾಗುವುದಿತ್ತು, ಯಾಕೆಂದರೆ ಅವನು ದಿನಕ್ಕೆ ಆರು ತಾಸು ನಿಲ್ದಾಣದಲ್ಲೇ ಕೂರುವವನು.

“ಗದ್ವಾಲದಿಂದ ಮಹೇಂದರ್ ಫೋನ್ ಮಾಡಾಕ ಹತ್ಯಾನ, ಅಂಗಡಿ ಕೇಳಾಕ” ಎಂದ ಶರಣಯ್ಯ. ಮಹೇಂದರ್ ಅವನ ತಂಗಿಯ ಮಗ. ಮೊಬೈಲ್ ಕವರು, ಚಾರ್ಜರು ಮಾರುವ ಅಂಗಡಿ ಹಾಕಲು ಜಾಗ ಹುಡುಕುತ್ತಿದ್ದ. “ಇಷ್ಟು ದಿನ ನೋಡೂಣು ಅಂತಿದ್ದೆ. ನಾಳಿ ಮಂಗಳವಾರ, ಹೆಂಗೂ ಬಂದ್. ನಾಡಿದ್ದು ಬಾ ಅಂತೀನಿ. ಕೀಲಿ ಕೊಟ್ಟುಬಿಡೂಣು.”

ಅವನು ಬೈದಿದ್ದರೆ ಬಸವೇಶ್ವರಿ ಅಳುತ್ತಿದ್ದಳೇನೋ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ.

“ನಾನು?” ಎಂದಳು.

“ನಾರಾಯಣಪೇಟ್ಯಾಗ ನಿಮ್ಮ ಚಿಗವ್ವ ಅದಾಳ. ಮಗ್ಗದ ಮನ್ಯಾಗ ನೂಲು ಸುತ್ತಾಕ ಹುಡುಗ್ಯಾರು ಬೇಕು ಅಂತಿದ್ಲು.”

ಮನೆ ಎರಡು ಓಣಿ ಆಚೆ. ಮಧ್ಯಾಹ್ನ ಊಟಕ್ಕೆ ಕರೆದರೂ ಬಸವೇಶ್ವರಿ ಏಳಲಿಲ್ಲ. ಹಿತ್ತಲಿನ ಬಿಸಿಲಲ್ಲಿ ಕೂತು ಕತ್ತಿಯನ್ನು ಬಿಚ್ಚಿ ತನ್ನ ಎಡಗೈ ಮೇಲಿನ ಸಣ್ಣ ಕೂದಲಿಗೆ ಹಿಡಿದಳು. ತುದಿಯಿಂದ ಸವರಿದರೆ ಕೂದಲು ಹಾರಿ ಬಿದ್ದವು. ಬುಡದಿಂದ ಸವರಿದರೂ ಬಿದ್ದವು. ನಡುವಿನಿಂದ ಸವರಿದರೆ ಕೂದಲು ಬಾಗಿ, ಕತ್ತಿ ದಾಟಿದ ಮೇಲೆ ಮತ್ತೆ ಎದ್ದು ನಿಂತವು.

ಅವಳು ಅದನ್ನು ಐದಾರು ಸಲ ಮಾಡಿದಳು. ಹೊಸ ಕತ್ತಿ ಬಂದ ದಿನದಿಂದ ಅಪ್ಪ ಹೇಳಿದ ಹಾಗೆಯೇ ಮಸೆದಿದ್ದಳು: ಹನ್ನೆರಡು ಸಲ ಆ ಕಡೆ, ಹನ್ನೆರಡು ಸಲ ಈ ಕಡೆ, ಬೆನ್ನು ಕಲ್ಲಿನಿಂದ ಏಳಬಾರದು, ಒತ್ತಬಾರದು. ಆಮೇಲೆ ತೊಗಲಿನ ಪಟ್ಟಿಯ ಮೇಲೆ ನಲವತ್ತು ಸಲ. ಅಪ್ಪ ಮುಂದೆ ಕೂತು ಎಣಿಸಿದ್ದ. ತಪ್ಪು ಆಗಿರಲಿಲ್ಲ. ಆದರೂ ಎರಡು ತುದಿಗೆ ಬಂದ ಹರಿತ ನಡುವಿಗೆ ಬಂದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅವಳು ಅವ್ವನ ಕಾಡಿಗೆ ಡಬ್ಬಿ ತೆಗೆದುಕೊಂಡು ಹಿತ್ತಲಿಗೆ ಹೋದಳು. ಕತ್ತಿಯ ಅಂಚಿಗೆ ಉದ್ದಕ್ಕೂ ತೆಳ್ಳಗೆ ಕಾಡಿಗೆ ಹಚ್ಚಿ, ಮಸೆಯುವ ಕಲ್ಲಿನ ಮೇಲೆ ಒಂದೇ ಒಂದು ಸಲ ಎಳೆದು, ಬಿಸಿಲಿಗೆ ಹಿಡಿದಳು. ತುದಿಯಲ್ಲಿ ಉಕ್ಕು ಹೊಳೆಯುತ್ತಿತ್ತು, ಬುಡದಲ್ಲಿ ಹೊಳೆಯುತ್ತಿತ್ತು. ನಡುವೆ ಕಾಡಿಗೆ ಹಚ್ಚಿದ ಹಾಗೆಯೇ ಇತ್ತು. ಕಲ್ಲು ಅದನ್ನು ಮುಟ್ಟಿಯೇ ಇರಲಿಲ್ಲ.

ಕಲ್ಲನ್ನು ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದಾಗ ಎಲ್ಲ ಕಂಡಿತು. ಅಂಗೈಯಷ್ಟು ಅಗಲದ ಆ ಕರಿ ಕಲ್ಲು ಅಜ್ಜನ ಅಪ್ಪನದು. ಮೂರು ತಲೆಮಾರು ಮಸೆದು ಮಸೆದು ನಡುವೆ ಹೊಂಡ ಬಿದ್ದು, ತಟ್ಟೆಯ ಹಾಗೆ ಆಗಿತ್ತು. ಅಪ್ಪ ಆ ಹೊಂಡವನ್ನು ಹೆಬ್ಬೆರಳಿನಿಂದ ಸವರಿ, “ಇದರಾಗ ನಮ್ಮ ಹಿರ್ಯಾರ ಕೈ ಐತಿ” ಎಂದು ಗಿರಾಕಿಗಳಿಗೆ ತೋರಿಸುತ್ತಿದ್ದ. ಹಳೆಯ ಕತ್ತಿಯೂ ಅದೇ ಕಲ್ಲಿನ ಮೇಲೆ ಸವೆದು ಹೊಟ್ಟೆ ಮುಂದೆ ಬಂದಿತ್ತು. ಆ ಹೊಟ್ಟೆ ಆ ಹೊಂಡಕ್ಕೆ ಸರಿಯಾಗಿ ಕೂರುತ್ತಿತ್ತು. ಹೊಸ ಕತ್ತಿಯ ಅಂಚು ನೇರ. ಅದು ಹೊಂಡದ ಮೇಲೆ ಕಾಲುವೆಗೆ ಹಾಕಿದ ಹಲಗೆಯಂತೆ ಎರಡು ದಡ ಮಾತ್ರ ಮುಟ್ಟಿಕೊಂಡು ನಿಂತಿತ್ತು.

ಅವಳು ಸ್ವಲ್ಪ ಹೊತ್ತು ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆಯುಧ ಪೂಜೆಯಲ್ಲಿ ಹಚ್ಚಿದ ವಿಭೂತಿ ಅದರ ಬದಿಯಲ್ಲಿ ಇನ್ನೂ ಇತ್ತು. ಆಮೇಲೆ ಎದ್ದು, ನೀರಿನ ತೊಟ್ಟಿಯ ಹತ್ತಿರದ ಶಾಬಾದ್ ಪರಸಿಯ ಮೇಲೆ ಒಂದು ಹಿಡಿ ಉಸುಕು ಚೆಲ್ಲಿ, ನೀರು ಹನಿಸಿ, ಕಲ್ಲನ್ನು ಬೋರಲು ಹಾಕಿ ತಿಕ್ಕತೊಡಗಿದಳು.

ಸದ್ದಿಗೆ ಚನ್ನವೀರಮ್ಮ ಹೊರಗೆ ಬಂದಳು. “ಏನ ಮಾಡಾಕ ಹತ್ತೀಯೇ?”

“ಕಲ್ಲು ತಿಕ್ಕಾಕ ಹತ್ತೀನವ್ವ.”

“ಅಯ್ಯ, ಅದರ ಮ್ಯಾಲ ಕತ್ತಿ ತಿಕ್ಕತಾರ, ಅದನ್ನ ಯಾರು ತಿಕ್ಕತಾರ? ಹುಚ್ಚಿ, ಅದು ನಿಮ್ಮ ಮುತ್ಯಾಂದು! ನಿಮ್ಮಪ್ಪ ನೋಡಿದ್ರ—”

ಅಪ್ಪ ಆಗಲೇ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

“ಯಾರ್ನ ಕೇಳಿ ಮುಟ್ಟಿದಿ?” ಎಂದ ಶರಣಯ್ಯ. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದ. ಹಾಗೆ ಹಿಡಿದರೂ ಎರಡೂ ಕೈ ನಡುಗುತ್ತಿದ್ದವು.

ಬಸವೇಶ್ವರಿ ಕಲ್ಲನ್ನು ತೊಳೆದು ತಿರುಗಿಸಿ ಇಟ್ಟಳು. ಕತ್ತಿಗೆ ಮತ್ತೆ ಕಾಡಿಗೆ ಹಚ್ಚಿ ಒಂದು ಸಲ ಎಳೆದು, ಅಪ್ಪನ ಮುಖದ ಹತ್ತಿರ ಎತ್ತಿ ಹಿಡಿದಳು.

ಶರಣಯ್ಯ ಕಣ್ಣು ಸಣ್ಣ ಮಾಡಿ ನೋಡಿದ. ಬಿಸಿಲಿಗೆ ಸರಿದು ನೋಡಿದ. “ಇನ್ನೊಮ್ಮೆ ತೋರ್ಸು” ಎಂದ. ಅವಳು ಇನ್ನೊಮ್ಮೆ ತೋರಿಸಿದಳು. ಮೂರನೆಯ ಸಲ ಅವನು ಕತ್ತಿಯನ್ನು ನೋಡಲಿಲ್ಲ, ಕುಕ್ಕರುಗಾಲಿನಲ್ಲಿ ಕೂತು ಕಲ್ಲಿನ ಮೇಲೆ ಕತ್ತಿ ನಿಂತ ಕಡೆ ನೋಡಿದ. ನಡುವೆ ಬೆಳಕು ತೂರುತ್ತಿತ್ತು.

“ನೀ ಹುಟ್ಟೂಕಿಂತ ಮೊದಲ ನಾನೂ ಒಂದು ಹೊಸಾ ಕತ್ತಿ ತಂದಿದ್ದೆ, ರಾಯಚೂರಿಂದ” ಎಂದ. “ಹಿಂಗ ಎಳೀತಿತ್ತು. ಬೋಗಸ್ ಮಾಲು ಕೊಟ್ಟೀ ಅಂತ ಆ ಅಂಗಡಿಯವನ ಜೋಡಿ ರಸ್ತಾದಾಗ ನಿಂತು ಜಗಳಾಡಿ, ಅವನ ಮುಖದ ಮ್ಯಾಲ ಒಗದು ಬಂದೆ.”

ಚನ್ನವೀರಮ್ಮ ಸೆರಗು ಬಾಯಿಗೆ ಹಿಡಿದಳು. “ಪಾಪ, ಅವಂದೇನು ತಪ್ಪಿತ್ತು?”

“ಏನೂ ಇರಲಿಲ್ಲ ಈಗ ನೋಡಿದ್ರ.”

ಬಸವೇಶ್ವರಿ ಕಲ್ಲಿನ ಕಡೆ ನೋಡಿದಳು. ಸುತ್ತ ಅಂಚು ಬೆಳ್ಳಗೆ ಸವೆದಿತ್ತು. ಹೊಂಡ ಇನ್ನೂ ಕಪ್ಪಗೇ ಇತ್ತು.

“ನೋಡ್ಕೋತ ಏನ್ ಕೂತಿ?” ಎಂದ ಶರಣಯ್ಯ. “ಅರ್ಧಕ್ಕ ಬಿಟ್ರ ಹಳೇದಕ್ಕೂ ಇಲ್ಲ, ಹೊಸಾದಕ್ಕೂ ಇಲ್ಲ. ತಿಕ್ಕು.”

ಅವಳು ತಿಕ್ಕಿದಳು. ಶರಣಯ್ಯ ತಂಬಿಗೆ ತರಿಸಿಕೊಂಡು ಪಕ್ಕದಲ್ಲಿ ಕೂತು ನೀರು ಬಿಟ್ಟ. ನಡುಗುವ ಕೈಯಿಂದ ನೀರು ಹನಿಹನಿಯಾಗಿಯೇ ಬೀಳುತ್ತಿತ್ತು. ಆ ಕೆಲಸಕ್ಕೆ ಬೇಕಾದದ್ದೂ ಅಷ್ಟೇ. ಉಸುಕು ಕೆಸರಾದಾಗ ತೊಳೆದರು, ಹೊಸ ಉಸುಕು ಹಾಕಿದರು. ನಡುವೆ ಇದ್ದಲಿಯಿಂದ ಗೆರೆ ಎಳೆದು ನೋಡಿದರು. ಅಂಚಿನ ಗೆರೆ ಅಳಿಸಿದವು, ಹೊಂಡದ ಗೆರೆ ಉಳಿದವು. ಮತ್ತೆ ತಿಕ್ಕಿದಳು. ಭುಜ ಸೋತಾಗ ಕೈ ಬದಲಿಸಿದಳು. ಮಧ್ಯಾಹ್ನ ಚನ್ನವೀರಮ್ಮ ರೊಟ್ಟಿ ಪಲ್ಲೆ ಅಲ್ಲಿಗೇ ತಂದು, ಮಗಳ ಕೈ ಕೆಸರಾಗಿದ್ದರಿಂದ ತಾನೇ ತುತ್ತು ಮಾಡಿ ಬಾಯಿಗಿಟ್ಟಳು. “ಮುತ್ಯಾ, ಸಿಟ್ಟಾಗಬ್ಯಾಡೋ ಎಪ್ಪಾ” ಎಂದು ಕಲ್ಲಿಗೂ ಒಂದು ಮಾತು ಹೇಳಿದಳು.

ಮೂರು ಗಂಟೆಯ ಹೊತ್ತಿಗೆ ಇದ್ದಲಿಯ ಗೆರೆಗಳೆಲ್ಲ ಒಂದೇ ಸಲಕ್ಕೆ ಅಳಿಸಿದವು. ಶರಣಯ್ಯ ಕಲ್ಲಿನ ಮೇಲೆ ಹೆಬ್ಬೆರಳು ಸವರಿದ. ಬೆರಳು ಹೊಂಡ ಹುಡುಕಿಕೊಂಡು ಆ ತುದಿಯ ತನಕ ಹೋಗಿ, ಬರಿಗೈಯಲ್ಲಿ ಮರಳಿತು.

ಆಮೇಲೆ ಮಸೆಯುವುದು. ಈ ಸಲ ಅವನು ಎಣಿಸಲಿಲ್ಲ. ಅವಳಿಗೆ ಎಣಿಕೆ ಬೇಕಾಗಲೂ ಇಲ್ಲ. ಕತ್ತಿ ಕಲ್ಲಿಗೆ ಉದ್ದಕ್ಕೂ ಕೂತಾಗ ಬರುವ ಸದ್ದೇ ಬೇರೆಯಾಗಿತ್ತು, ನಡುವೆ ಎಲ್ಲೂ ಕಡಿಯದ ಒಂದೇ ಸದ್ದು. ತೊಗಲಿನ ಪಟ್ಟಿಯ ಕೆಲಸ ಮುಗಿದ ಮೇಲೆ ಅವಳು ತನ್ನ ಜಡೆಯಿಂದ ಒಂದು ಕೂದಲು ಕಿತ್ತು, ತುದಿ ಹಿಡಿದು ಕತ್ತಿಯ ನಡುವಿನ ಮೇಲೆ ಇಳಿಬಿಟ್ಟಳು. ಕೂದಲು ಎರಡಾದದ್ದು ಕಾಣಲಿಲ್ಲ. ಕೆಳಗಿನ ಅರ್ಧ ಇಲ್ಲವಾದದ್ದು ಮಾತ್ರ ಕಂಡಿತು.

“ಕತ್ತಿ ಆಯ್ತು. ಕುರ್ಚ್ಯಾಗ ಕೂಡ್ರಾವ್ರು ಯಾರು?” ಎಂದ ಶರಣಯ್ಯ. “ನಾಳಿ ಒಂಬತ್ತಕ್ಕ ಮಹೇಂದರ್ ಬರ್ತಾನ. ಅವಂಗ ಮಾತು ಕೊಟ್ಟೀನಿ.”

ಬುಧವಾರ ಎಂಟು ಗಂಟೆಗೆ ಅಂಗಡಿ ತೆರೆದಾಗ ಹೊರಗಿನ ಬೆಂಚಿನ ಮೇಲೆ ಸಾಯಣ್ಣ ಆಗಲೇ ಇದ್ದ. ಎಡಗೆನ್ನೆಯ ಹಾದಿ ಹಾಗೆಯೇ ಇತ್ತು. ನಿನ್ನೆಯೆಲ್ಲ ಅದನ್ನು ನಿಲ್ದಾಣಕ್ಕೆ ತೋರಿಸಿದ್ದ. “ನಾ ಮುಖ ಕೊಡಾಕ ಬಂದಿಲ್ಲವ್ವ ತಾಯಿ” ಎಂದ. “ಕೀಲಿ ಕೊಡ್ತೀರಿ ಅನ್ನೂ ಸುದ್ದಿ ನಿಲ್ದಾಣಕ್ಕ ಮುಟ್ಟೈತಿ, ಅದನ್ನ ನೋಡಾಕ ಬಂದೀನಿ. ಇಷ್ಟು ವರ್ಷದ ಅಂಗಡಿ, ಕಳಿಸಿಕೊಡಾಕ ಒಬ್ರಾದ್ರೂ ಬೇಕಲ್ಲ.”

ಮಹೇಂದರ್ ಒಂಬತ್ತಕ್ಕೆ ಅಲ್ಲ, ಎಂಟೂವರೆಗೇ ಬಂದ. ಕೈಯಲ್ಲಿ ಅಳತೆ ಟೇಪು. “ಏಂ ಮಾಮಾ, ಗಡ್ಡದಾಗ ಗುರುತೇ ಸಿಗವಲ್ರಿ” ಎಂದು ನಕ್ಕು, ಕೂರದೆ ಗೋಡೆ ಅಳೆಯತೊಡಗಿದ. “ಈ ಕನ್ನಡಿ ತೆಗೀಬೇಕು. ಇಲ್ಲಿ ಗಾಜಿನ ಶೋಕೇಸು. ಈ ಕುರ್ಚಿ ಗುಜರಿಗೆ ಹಾಕ್ರಿ, ಮಸ್ತ್ ತೂಕ ಐತಿ.”

ಬಸವೇಶ್ವರಿ ನೀರು ಬಿಸಿಗಿಟ್ಟಳು. ತೊಳೆದ ಬಟ್ಟೆಯನ್ನು ತೆಗೆದು ಒಮ್ಮೆ ಜೋರಾಗಿ ಜಾಡಿಸಿ, ಕುರ್ಚಿಯ ಪಕ್ಕ ಹಿಡಿದು ನಿಂತಳು. ಯಾರನ್ನೂ ಕರೆಯಲಿಲ್ಲ. ಅಪ್ಪನನ್ನು ನೋಡಿದಳು, ಅಷ್ಟೇ.

ಶರಣಯ್ಯ ಸ್ಟೂಲಿನ ಮೇಲೆ ಕೂತೇ ಇದ್ದ. ಟೇಪಿನ ಸದ್ದು ನಿಂತಿತು. ಹೊರಗಿನಿಂದ ಸಾಯಣ್ಣ, “ಶರಣಯ್ಯಾ, ಮನ್ಯಾಗ ಹೇಳಿ ಬಂದೀಯೇನು?” ಎಂದ.

ಶರಣಯ್ಯ ಎದ್ದ. ಐವತ್ತು ವರ್ಷ ಯಾವುದರ ಹಿಂದೆ ನಿಂತು ದುಡಿದಿದ್ದನೋ ಆ ಕುರ್ಚಿಯಲ್ಲಿ ಕೂತು, ಕಾಲು ಎಲ್ಲಿಡಬೇಕೆಂದು ಗೊತ್ತಾಗದೆ ಒಂದು ಸಲ ತಡಕಾಡಿದ. ಆಮೇಲೆ ತಲೆಯನ್ನು ಹಿಂದಕ್ಕೆ ಒರಗಿಸಿ ಕೊರಳು ಚಾಚಿದ.

ಉದ್ದ ಗಡ್ಡವನ್ನು ಮೊದಲು ಕತ್ತರಿಯಿಂದ ಕಡಿಮೆ ಮಾಡಿದಳು. ಬಿಸಿನೀರಲ್ಲಿ ಹಿಂಡಿದ ಟವೆಲ್ಲನ್ನು ಮುಖಕ್ಕೆ ಸುತ್ತಿ ಕಾದಳು. ನೊರೆಯನ್ನು ಅವಸರವಿಲ್ಲದೆ ಕಲಸಿ, ಬ್ರಷ್ಷಿನಿಂದ ಕೂದಲ ಬುಡಕ್ಕೆ ಮುಟ್ಟುವಂತೆ ಸುತ್ತಿಸಿ ಸುತ್ತಿಸಿ ಹಚ್ಚಿದಳು. ಅಪ್ಪನ ಮುಖವನ್ನು ಅವಳು ಬುದ್ಧಿ ತಿಳಿದ ಮೇಲೆ ಮುಟ್ಟಿರಲಿಲ್ಲ. ಕೆನ್ನೆ ಅವಳು ಅಂದುಕೊಂಡದ್ದಕ್ಕಿಂತ ಮೆತ್ತಗಿತ್ತು, ಕೆಳಗಿನ ಎಲುಬು ಅವಳು ಅಂದುಕೊಂಡದ್ದಕ್ಕಿಂತ ಹತ್ತಿರವಿತ್ತು.

ಕಿವಿಯ ಮುಂದೆ ಹೆಬ್ಬೆರಳು ಊರಿ ಚರ್ಮ ಎಳೆದು, ಕತ್ತಿಯನ್ನು ಮಲಗಿಸಿ ಇಳಿಸಿದಳು. ಎರಡು ಬೆರಳು ದಾರಿ. ಕೆನ್ನೆಯ ನಡುವು ಬಂತು. ಶರಣಯ್ಯನ ಕಾಲ ಬೆರಳು ಚಪ್ಪಲಿಯೊಳಗೆ ಮುದುಡಿದವು.

ಕತ್ತಿ ನಿಲ್ಲಲಿಲ್ಲ. ಬೆಣ್ಣೆಯ ಮೇಲೆ ಎಳೆದ ಹಾಗೆ ಇಳಿದು ದವಡೆಯ ತಿರುವಿಗೆ ಬಂದು ಮುಟ್ಟಿತು. ಹಿಂದೆ ಉಳಿದ ಹಾದಿ ಒದ್ದೆಯಾಗಿ ಹೊಳೆಯಿತು. ಎರಡನೆಯ ಎಳೆತ, ಮೂರನೆಯದು. ಈಗ ಕತ್ತಿಗೆ ತೂಕವೇ ಇಲ್ಲವೆನಿಸಿತು. ಅವಳು ದಾರಿ ತೋರಿಸಿದರೆ ಸಾಕಿತ್ತು. ಮೂಗಿನ ಕೆಳಗೆ, ತುಟಿಯ ಮೂಲೆಗೆ, ಗದ್ದದ ಗುಳಿಗೆ. ಕೊರಳಿಗೆ ಬಂದಾಗ ಅಪ್ಪನ ಗದ್ದವನ್ನು ಎರಡು ಬೆರಳಿನಿಂದ ಮೇಲಕ್ಕೆತ್ತಿದಳು. ಅದು ಹಗುರಾಗಿ ಎದ್ದಿತು, ತಡೆಯಲಿಲ್ಲ.

“ಮಾಮಾ, ತಾಳಂ ಎಲ್ಲೈತಿ?” ಎಂದ ಮಹೇಂದರ್. “ಶಟರಿಗೆ ಎರಡು ಕೀಲಿನೋ, ಒಂದೋ?”

ಶರಣಯ್ಯನ ಕಣ್ಣು ಮುಚ್ಚಿತ್ತು.

“ಮಾಮಾ?”

“ಷ್!” ಸಾಯಣ್ಣ ಬಾಗಿಲಿಗೆ ಬಂದಿದ್ದ. ಯಾವಾಗ ಎದ್ದು ಬಂದನೋ ಗೊತ್ತಿಲ್ಲ. “ಒದರಬ್ಯಾಡ. ನಿದ್ದಿ ಹತ್ತೈತಿ ಅವಂಗ.”

ನಿಜವಾಗಿಯೂ ಶರಣಯ್ಯ ನಿದ್ದೆ ಹೋಗಿದ್ದ. ಬಾಯಿ ಸ್ವಲ್ಪ ತೆರೆದು ಸಣ್ಣಗೆ ಗೊರಕೆ ಬರುತ್ತಿತ್ತು. ಕುರ್ಚಿಯ ಕೈ ಮೇಲೆ ಚಾಚಿದ್ದ ಬಲಗೈ ಸುಮ್ಮನೆ ಬಿದ್ದಿತ್ತು, ಐದೂ ಬೆರಳು ನಿಶ್ಚಲ.

“ಕೊರಳ ಮ್ಯಾಲ ಕತ್ತಿ ಇಟ್ಕೊಂಡು ಗೊರಕಿ ಹೊಡೀತಾನಲ್ಲೋ ಮಾರಾಯ” ಎಂದು ಸಾಯಣ್ಣ ಪಿಸುಗುಟ್ಟಿದ.

ಬಸವೇಶ್ವರಿ ತಿರುಗಿ ನೋಡಲಿಲ್ಲ. ಇನ್ನೊಮ್ಮೆ ತೆಳ್ಳಗೆ ನೊರೆ ಹಚ್ಚಿ, ಈ ಸಲ ಕೂದಲಿಗೆ ಎದುರಾಗಿ ಕೆಳಗಿನಿಂದ ಮೇಲಕ್ಕೆ ತೆಗೆದಳು. ತಣ್ಣೀರಿನಿಂದ ಒರೆಸಿದಳು. ಕೊನೆಗೆ ಪಟಕದ, ಅಂದರೆ ಆಲಂ ಕಲ್ಲಿನ ತುಂಡನ್ನು ಒದ್ದೆ ಮಾಡಿ ಕೆನ್ನೆ, ಗದ್ದ, ಕೊರಳಿಗೆಲ್ಲ ಸವರಿದಳು. ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬಿದ್ದಿದ್ದರೂ ಪಟಕ ಚುರುಗುಟ್ಟಿಸುತ್ತದೆ. ಕ್ಷೌರ ಹೇಗಾಯಿತೆಂದು ಅದಕ್ಕಿಂತ ಖರೆ ಹೇಳುವವರಿಲ್ಲ.

ತಂಪಿಗೆ ಶರಣಯ್ಯ ಕಣ್ಣು ತೆರೆದ. ಕನ್ನಡಿಯಲ್ಲಿ ತನ್ನ ಮುಖವನ್ನು, ಅದರ ಹಿಂದೆ ಮಗಳ ಮುಖವನ್ನು ನೋಡಿದ.

“ಪಟಕ ಹಚ್ಚು” ಎಂದ.

“ಹಚ್ಚೀನಪ್ಪ.”

“ಯಾವಾಗ?”

“ಈಗ. ಕೊರಳಿಗೂ ಹಚ್ಚೀನಿ.”

ಶರಣಯ್ಯ ಕಾದ. ಎಲ್ಲೋ ಒಂದು ಕಡೆ ಉರಿ ಏಳುತ್ತದೆಂದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ಕಾದ. ಏನೂ ಏಳಲಿಲ್ಲ. ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ಕೆನ್ನೆ ಸವರಿಕೊಂಡ. ಆಮೇಲೆ ಇನ್ನೊಂದು ಕೆನ್ನೆ. ಅವನ ಮುಖದಲ್ಲಿ ನಗು ನಿಧಾನವಾಗಿ ಹರಡಿತು. ತಡೆಯಲು ನೋಡಿದ, ಆಗಲಿಲ್ಲ.

“ನನ್ನ ಕೈಲೂ ಹಿಂಗ ಆಗಿದ್ದಿಲ್ಲ” ಎಂದ. ಯಾರಿಗೆ ಹೇಳಿದನೆಂದು ತಿಳಿಯಲಿಲ್ಲ. ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಮತ್ತೆ ಮಹೇಂದರ್ ಕಡೆ ತಿರುಗಿ, “ಅಳತಿ ಸಾಕು ಮಾಡೋ ಅಳಿಯಾ. ಕನ್ನಡಿ ಅಲ್ಲೇ ಇರತೈತಿ. ಇಷ್ಟು ದೂರ ಬಂದೀ, ಛಾ ಕುಡ್ದು ಹೋಗು” ಎಂದ.

“ಅದಲ್ಲ ಮಾಮಾ, ಮಾತು ಕೊಟ್ಟಿದ್ರಿ—”

“ಕೊಟ್ಟಿದ್ದೆ. ಅಂಗಡಿ ನಂದು ಅಂತ ತಿಳಕೊಂಡು ಕೊಟ್ಟಿದ್ದೆ. ಈಗ ಆಕಿನ್ನ ಕೇಳು.”

ಮಹೇಂದರ್ ಬಸವೇಶ್ವರಿಯ ಕಡೆ ನೋಡಿದ. ಅವಳು ನೆಲ ನೋಡಿದಳು. ಅಲ್ಲಿ ಅಪ್ಪನ ನಲವತ್ತು ದಿನದ ಗಡ್ಡ ಬಿದ್ದಿತ್ತು.

“ಕೊಡೂದಿಲ್ಲ ಬಾವಾ” ಎಂದಳು.

ಶರಣಯ್ಯ ಕುರ್ಚಿಯಿಂದ ಇಳಿಯುವುದೇ ತಡ, ಸಾಯಣ್ಣ ಅದರೊಳಗೆ ಕೂತಾಗಿತ್ತು. ಬಟ್ಟೆಯನ್ನೂ ತಾನೇ ಎಳೆದುಕೊಂಡು ಕೊರಳಿಗೆ ಹಾಕಿಕೊಂಡ. ಹೊರಗೆ ನಾರಾಯಣಪೇಟೆಯ ಬಸ್ಸು ಹಾರ್ನ್ ಹೊಡೆಯಿತು, ಯಾರೋ ಅವನ ಹೆಸರು ಕೂಗಿದರು. ಸಾಯಣ್ಣ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿದ. ಮಹೇಂದರ್ ಟೇಪನ್ನು ಜೇಬಿಗೆ ಹಾಕಿ, ಬೆಂಚಿನ ತುದಿಯಲ್ಲಿ ಕೂತು, ತನ್ನ ಮೂರು ದಿನದ ಗಡ್ಡವನ್ನು ಬೆರಳಿನಿಂದ ಕೆರೆದುಕೊಳ್ಳುತ್ತ ಕುರ್ಚಿಯ ಕಡೆ ನೋಡಿದ.

ಬಸವೇಶ್ವರಿ ತಣ್ಣಗಾದ ನೀರನ್ನು ಚೆಲ್ಲಿ, ಬಿಸಿನೀರು ಬಗ್ಗಿಸಿಕೊಂಡಳು. ಅವಳು ತಿರುಗುವಷ್ಟರಲ್ಲಿ ಸಾಯಣ್ಣ ಕಣ್ಣು ಮುಚ್ಚಿ ಗದ್ದ ಮೇಲಕ್ಕೆತ್ತಿದ್ದ.